ಊರೂರು ತಿರುಗುವವಳು

ನಮ್ಮ ಮನೆಯ ಶೋಕೇಸಿನಲ್ಲಿ ಅಂಗೈಯಗಲದ ಮರದ ದೋಣಿಯೊಂದಿದೆ. ಅದರ ಧೂಳೊರೆಸುವಾಗಲೆಲ್ಲ ನನಗೆ ಸಿಟ್ಟು ಬರುತ್ತದೆ; ದೋಣಿಯ ಮೇಲಲ್ಲ, ನಮ್ಮ ಮೇಲೆ.

ಅದನ್ನು ಕಾಶ್ಮೀರದಿಂದ ತಂದುಕೊಟ್ಟವಳು ನೂರ್ ಆಪಾ. ಎಂಬತ್ತರ ದಶಕದ ಶಿಡ್ಲಘಟ್ಟದಲ್ಲಿ ನಮ್ಮ ಎದುರುಮನೆಯ ದೊಡ್ಡ ರೇಷ್ಮೆ ವ್ಯಾಪಾರಿಯ ಮಗಳು. ಹದಿನೆಂಟು ತುಂಬುತ್ತಲೇ ಜಂಗಮಕೋಟೆ ರಸ್ತೆಯಲ್ಲಿ ಅಪ್ಪನ ಜೀಪು ಓಡಿಸಲು ಕಲಿತಳು. ಇಪ್ಪತ್ತೈದರೊಳಗೆ, ವಿಧವೆಯಾಗಿದ್ದ ಚಿಕ್ಕಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಗೋವಾ, ರಾಜಸ್ಥಾನ, ಕಾಶ್ಮೀರಗಳನ್ನೆಲ್ಲ ಸುತ್ತಿ ಬಂದಳು. ಬಂದಾಗಲೆಲ್ಲ ಬೀದಿಯ ಹೆಂಗಸರಿಗೆ ಅವರ ನಡುಮನೆಯಲ್ಲಿ ಔತಣ, ಆಮೇಲೆ ಬಿಳಿ ಗೋಡೆಯ ಮೇಲೆ ಪ್ರೊಜೆಕ್ಟರಿನ ಚಿತ್ರಗಳು. ನಾವು ಹಿಮವನ್ನು ಮೊದಲು ಕಂಡದ್ದು ಆ ಗೋಡೆಯಲ್ಲೇ. "ನನ್ನೂ ಒಂದ್ಸಲ ಸಮುದ್ರ ನೋಡಕ್ಕೆ ಕರ್ಕೊಂಡು ಹೋಗಮ್ಮ," ಎಂದು ಅಮ್ಮ ಅವಳ ಕೈ ಹಿಡಿದುಕೊಂಡಿದ್ದಳು.

ಅದೇ ಅಮ್ಮ, ಆಪಾಳ ತಂಗಿ ಸಲ್ಮಾಳ ಬಗ್ಗೆ ವಿಚಾರಿಸಲು ಚಿಂತಾಮಣಿಯಿಂದ ಗಂಡಿನ ಕಡೆಯವರು ನಮ್ಮಲ್ಲಿಗೆ ಬಂದಾಗ, "ಚಿಕ್ಕೋಳು ಒಳ್ಳೇ ಹುಡ್ಗಿ. ಅಕ್ಕನೇ ಊರೂರು ತಿರುಗೋಳು," ಎಂದುಬಿಟ್ಟಳು. ಸಂಬಂಧ ಮುರಿಯಿತು.

ನೀವೇ ಹೇಳಿ: ಆಪಾಳ ಅಣ್ಣ ವರ್ಷದಲ್ಲಿ ಆರು ತಿಂಗಳು ಬನಾರಸ್, ಸೂರತ್ ಎಂದು ಹೊರಗೇ ಇರುತ್ತಿದ್ದ. ಅವನು 'ಲೋಕ ಕಂಡವನು'! ಅದೇ ದೇಶ, ಅದೇ ರಸ್ತೆ. ಗಂಡಸಿಗೆ ಅನುಭವ, ಹೆಂಗಸಿಗೆ ಅಪವಾದ.

ಅಮ್ಮನ ಮಾತು ಕಿವಿಗೆ ಬಿದ್ದ ಮರುದಿನ ಆಪಾ ನಮ್ಮ ಬಾಗಿಲಿಗೆ ಬಂದಳು. ಒಳಗೆ ಕಾಲಿಡಲಿಲ್ಲ.

"ಅಕ್ಕಾ, ನಾನು ಹೋಗಿದ್ದ ಒಂದೊಂದು ಊರೂ ನಿಮಗೆ ತೋರ್ಸಿದೀನಿ. ಅದ್ರಲ್ಲಿ ತಪ್ಪು ಯಾವ್ದು, ಹೇಳ್ಬಿಡಿ."

ಅಮ್ಮ ಸೆರಗು ಸರಿಮಾಡಿಕೊಂಡಳು. "ಜನ ಅಂದಿದ್ದನ್ನ ನಾನೂ ಅಂದೆ ಕಣಮ್ಮ."

"ಜನ ಅಂದ್ರೆ ಯಾರಕ್ಕಾ? ನೀವೇ ಅಲ್ವಾ?"

ಹದಿಮೂರು ವರ್ಷದ ನಾನು, ಎಲ್ಲ ಬಲ್ಲವಳು, ಬಾಗಿಲ ಹಿಂದೆ ಸುಮ್ಮನೆ ನಿಂತಿದ್ದೆ.

ಅಷ್ಟರಲ್ಲಾಗಲೇ ಅವರಪ್ಪ ತೀರಿಕೊಂಡು ಆ ಮನೆಯ ಯಜಮಾನನಾಗಿದ್ದ ಅವಳ ಅಣ್ಣ ಜೀಪಿನ ಕೀಲಿ ಕಸಿದುಕೊಂಡ. ತಂಗಿಯ ಬಾಳು ಕೆಡಿಸಿದೆಯೆಂದು ಕೂಗಾಡಿದ. ಆಗ ಬಾಯಿ ತೆರೆದವಳು, ಅದುವರೆಗೂ ಯಾರಿಗೂ ಎದುರಾಡದಿದ್ದ ಸಲ್ಮಾ. ಅಕ್ಕನನ್ನು ಹಳಿಯುವ ಮನೆಗೆ ತಾನು ಸೊಸೆಯಾಗಿ ಹೋಗುವುದಿಲ್ಲ ಎಂದಳಂತೆ. ವಾರದೊಳಗೆ ಒಂದು ದಿನ ಬೆಳಗಿನ ಹತ್ತು ಗಂಟೆಗೆ, ಬೀದಿಯೆಲ್ಲ ನೋಡುತ್ತಿರುವಾಗ, ಅಕ್ಕನ ಕೈಹಿಡಿದು ಬಸ್‌ಸ್ಟ್ಯಾಂಡಿಗೆ ನಡೆದಳು. ಇಬ್ಬರೂ ಕನ್ಯಾಕುಮಾರಿಗೆ ಹೊರಟಿದ್ದರು.

ತಿಂಗಳಾದ ಮೇಲೆ ಮರಳಿದರು. ಈ ಸಲ ಯಾರನ್ನೂ ಕರೆಯಲಿಲ್ಲ. ಅಮ್ಮ ಎಷ್ಟೋ ಸಂಜೆ ಎದುರುಮನೆಯ ಕಿಟಕಿಯತ್ತ ನೋಡುತ್ತ ಜಗುಲಿಯಲ್ಲಿ ಕೂತಳು. ರಸ್ತೆ ದಾಟಿ ಹೋಗಿ ತಪ್ಪಾಯಿತೆನ್ನಲು ಹತ್ತು ಹೆಜ್ಜೆ ಸಾಕಿತ್ತು. ಅವಳು ಹೋಗಲಿಲ್ಲ, ನಾನು ಕಳಿಸಲೂ ಇಲ್ಲ. ಸಮುದ್ರ ನೋಡದೆಯೇ ಅಮ್ಮ ಕಣ್ಣು ಮುಚ್ಚಿದಳು.