ಟವೆಲ್ಲಿನಡಿ ಕೈಬದಲಾದ ಭೀಮ

“ಅಮ್ಮಾ, ನಂಜುಂಡೇಶ ಮಾಮ ಭೀಮ ಮಾಮನನ್ನ ಕೂನೂರಿನವರಿಗೆ ಮಾರಿಬಿಟ್ಟರಂತೆ, ನಿಜವಾ?”

ಜನನಿ ತಟ್ಟೆ ಮುಂದೆ ಕೂತು ಹೀಗೆ ಕೇಳಿದಾಗ ಸುಧಾ ಗೋಡೆಯತ್ತ ನೋಡಿದಳು. ಗೋಡೆಯಾಚೆಯದೇ ನಂಜುಂಡೇಶನ ಮನೆ, ಕೆಮ್ಮಿದರೂ ಕೇಳಿಸುತ್ತದೆ.

“ಮನುಷ್ಯರನ್ನ ಯಾರಾದ್ರೂ ಮಾರ್ತಾರಾ? ಅನ್ನ ತಿನ್ನು.”

ಮೈಸೂರು ಕಡೆಯಿಂದ ಬಂದು ಊಟಿ ಬಳಿಯ ಕೆತ್ತಿಯಲ್ಲಿ ಕ್ಯಾರೆಟ್ ವ್ಯಾಪಾರಕ್ಕೆ ನಿಂತ ನಂಜುಂಡೇಶನಿಗೆ ಹೆಂಡತಿ ಮಕ್ಕಳಿಲ್ಲ. ಅವನೇ ನಡೆಸುವ ಊರಿನ ಬಾಸ್ಕೆಟ್‌ಬಾಲ್ ತಂಡವೇ ಸಂಸಾರ. ಲಾರಿಗೆ ಮೂಟೆಯನ್ನು ನಿಂತಲ್ಲಿಂದಲೇ ಎತ್ತಿಡುತ್ತಿದ್ದ ಭೀಮನ ಕೈಗೆ ಮೊದಲು ಚೆಂಡು ಕೊಟ್ಟವನೂ ಅವನೇ. ಟೀ ಫ್ಯಾಕ್ಟರಿ ಮಾಲೀಕರು ತಂಡ ಸಾಕುತ್ತಿದ್ದ ಕಾಲ. ಆಡುವವನಿಗೆ ಕೆಲಸ, ಇರಲು ಲೈನ್ ಮನೆ. ಆಟ ನಿಂತರೆ ಎರಡೂ ಇಲ್ಲ.

ತೊಂಬತ್ತೆಂಟರ ಬೇಸಿಗೆಯಲ್ಲಿ ಭೀಮನ ಮೊಣಕಾಲು ತಿರುಚಿತು, ಪಂದ್ಯಾವಳಿಯಲ್ಲಿ ಕೆತ್ತಿ ತಂಡ ಕೊನೆಯ ಸ್ಥಾನಕ್ಕೆ ಬಂತು. ಕೊನೆಯವರಿಗೆ ಹೊಸ ಆಟಗಾರರಲ್ಲಿ ಮೊದಲು ಆರಿಸಿಕೊಳ್ಳುವ ಹಕ್ಕು ಎಂಬುದು ಬೆಟ್ಟದ ತಂಡಗಳ ಕಟ್ಟಳೆ. ಮಳೆಗಾಲದಲ್ಲಿ ಆಟಗಾರರ ಅದಲುಬದಲು ನಡೆಯುತ್ತಿತ್ತು. ಆ ವರ್ಷ ಎಲ್ಲರ ಕಣ್ಣೂ ಗೂಡಲೂರಿನ ಹೊಸಬ, ಎತ್ತರದಾಳು ಸಂತೋಷ್‌ಕುಮಾರ್ ಮೇಲೆ.

ಊಟಿಯ ತರಕಾರಿ ಮಂಡಿಯಲ್ಲಿ ಕೂನೂರು ತಂಡ ನಡೆಸುವ ರಂಗನಾಥನ್ ಸಿಕ್ಕಿದ. “ಮೊದಲ ಆಯ್ಕೆ ನನಗೆ ಬಿಡಪ್ಪ. ಚೆನ್ನಾಗಿ ಓಡೋರು ಇಬ್ಬರನ್ನ ಕೊಡ್ತೀನಿ. ನಿನ್ನದು ತಂಡವಾ, ಮುದುಕರ ಮೆರವಣಿಗೆಯಾ?”

“ಇಬ್ಬರು ಬೇಡ. ನಮ್ಮ ಭೀಮನನ್ನ ತಗೊಂಡು ಕೆಲಸ, ಮನೆ ಕೊಡು.”

ಸುತ್ತ ಕಿವಿಗಳಿದ್ದವು. ನಂಜುಂಡೇಶ ಹೆಗಲ ಟವೆಲ್ಲನ್ನು ಇಬ್ಬರ ಕೈಗಳ ಮೇಲೆ ಹಾಸಿದ. ದನದ ದಲ್ಲಾಳಿಗಳ ಹಾಗೆ ಮೂರು ಬೆರಳು ಒತ್ತಿದ: ಮೂರು ವರ್ಷದ ಕೆಲಸ. ರಂಗನಾಥನ್ ಎರಡು ಒತ್ತಿದ. ಎರಡಕ್ಕೆ ಕುದುರಿತು. ಟವೆಲ್ಲಿನಡಿ ಆದ ಮಾತನ್ನು ಹಿಂದಕ್ಕೆ ತೆಗೆಯುವ ಹಾಗಿಲ್ಲ. ಮೊಣಕಾಲಿನ ಸುದ್ದಿ ಹೇಳಲು ಬೆರಳಲ್ಲಿ ಗುರುತಿರಲಿಲ್ಲ. ಬಾಯಲ್ಲಿ ಅವನು ಹೇಳಲಿಲ್ಲ. ಭೀಮನಿಗೆ ವಿಷಯ ತಿಳಿದದ್ದು ಲಾರಿಯವರಿಂದ.

ಕೂನೂರಿನಲ್ಲಿ ಮೊದಲ ದಿನವೇ ಕಾಲು ಕೈಕೊಟ್ಟಿತು. ಐಬು ಮುಚ್ಚಿಟ್ಟವನ ಮಾತಿಗೆ ತಾನು ಬದ್ಧನಲ್ಲವೆಂದು ರಂಗನಾಥನ್ ಭೀಮನನ್ನು ವಾಪಸು ಕಳಿಸಿದ; ಮೊದಲ ಆಯ್ಕೆಯಲ್ಲಿ ಪಡೆದ ಸಂತೋಷ್‌ಕುಮಾರ್‌ನನ್ನು ಮಾತ್ರ ಇಟ್ಟುಕೊಂಡ. ಅಷ್ಟರಲ್ಲಿ ಕೆತ್ತಿಯ ಲೈನ್ ಮನೆಗೆ ಬೇರೆಯವರು ಬಂದಿದ್ದರು.

ಭೀಮ ಬಂದು ನಂಜುಂಡೇಶನ ಬಾಗಿಲಲ್ಲಿ ನಿಂತು ಆಡಿದ್ದು ಸುಧಾಳಿಗೆ ಗೋಡೆಯೀಚೆ ಕೇಳಿಸಿತು.

“ಮೂಟೆ ಮೇಲಾದ್ರೂ ಹೋಗೋ ಊರು ಬರೀತೀರಲ್ಲಣ್ಣ. ನನ್ನ ಒಂದು ಮಾತು ಕೇಳಬಾರದಿತ್ತಾ? ಅರವಂಕಾಡಲ್ಲಿ ಭಾವ ಅಂಗಡಿ ಕೆಲಸಕ್ಕೆ ಕರೆದಿದ್ದ. ನಿಮ್ಮ ತಂಡ ಅಂತ ಹೋಗಲಿಲ್ಲ. ಈಗ ಅಲ್ಲಿ ಬೇರೆ ಆಳು ಇದ್ದಾನೆ.”



ಈಗ ಭೀಮ ಹೆಂಡತಿ ತಂಗಮಣಿಯ ತವರಿನ ಹಿತ್ತಲ ಶೆಡ್ಡಿನಲ್ಲಿದ್ದಾನೆ. ಕಾಲು ಮಡಚಲು ಬರುವುದಿಲ್ಲ. ತಂಗಮಣಿ ಎರಡು ಟೀ ತೋಟಗಳಲ್ಲಿ ಎಲೆ ಕೀಳುತ್ತಾಳೆ. ನಂಜುಂಡೇಶ ಕಳಿಸಿದ ಅಕ್ಕಿ ಚೀಲ ಕಟ್ಟೂ ಬಿಚ್ಚದೆ ವಾಪಸು ಬಂತು.

ಮಗಳ ಊಟವಾದ ಮೇಲೆ ಸುಧಾ ಪಕ್ಕದ ಮನೆಗೆ ಸಾರು ಒಯ್ದಳು. ಒಲೆ ಹಚ್ಚಿರಲಿಲ್ಲ.

“ಮಗು ಕೇಳಿದ್ದು ಕೇಳಿಸ್ತು ಕಣಮ್ಮ,” ಎಂದ ನಂಜುಂಡೇಶ.

“ಮಕ್ಕಳ ಮಾತು, ಬಿಡಿ ಅಣ್ಣ. ಬಿಸಿ ಇರುವಾಗಲೇ ಊಟ ಮಾಡಿ.”

ಅವನು ಪಾತ್ರೆ ಮುಟ್ಟಲಿಲ್ಲ. “ನಿನ್ನ ಗಂಡ ನಟರಾಜ ಕೆಲಸ ಮಾಡೋ ಫ್ಯಾಕ್ಟರೀಲಿ ಎಲೆ ತೂಕ ಹಾಕೋಕೆ ಆಳು ಬೇಕಂತೆ. ಕೂತು ಮಾಡೋ ಕೆಲಸ. ಆದ್ರೆ ನಟರಾಜನಿಗೆ ಈಗಲೇ ಹೇಳಬೇಡ. ಮೊದಲು ನೀನು ಹೋಗಿ ಭೀಮನ್ನ ಕೇಳು. ಅವನು ಹೂಂ ಅಂದ ಮೇಲೆ ನಟರಾಜನಿಗೆ ಹೇಳು. ನನ್ನ ಹೆಸರು ಎಲ್ಲೂ ಎತ್ತಬೇಡ. ಇಷ್ಟು ಮಾಡಮ್ಮ.”