ಕೊಕ್ಕರೆ ಮನೆಯವರ ನಡಿಗೆ

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಕೆಂಪರಾಜನ ಮನೆ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ. ಕೊಕ್ಕರೆ ಮನೆ ಎನ್ನಬೇಕು. ಅವನ ತಾತ, ಅಪ್ಪ, ಈಗ ಅವನು, ಎಲ್ಲರೂ ಕೆಸರಿನಲ್ಲಿ ನಡೆಯುವವರ ಹಾಗೆ ಮೊಣಕಾಲನ್ನು ಮೇಲಕ್ಕೆತ್ತಿ, ಪಾದವನ್ನು ಪಟ್ಟೆಂದು ಕೆಳಗಿಡುವವರು. ಅದು ಕಾಯಿಲೆ ಎಂದು ಯಾರಿಗೂ ತೋಚಲಿಲ್ಲ. ಮೂಗು ಮೂತಿಯ ಹಾಗೆ ನಡಿಗೆಯೂ ವಂಶದ ಗುರುತು ಎಂದುಕೊಂಡಿದ್ದೆವು.

ನನ್ನ ಯಜಮಾನರು ತೀರಿಕೊಂಡ ಮೇಲೆ ನಾನು ಅವನ ಪವರ್ ಲೂಮ್ ಮನೆಯಲ್ಲಿ ಸೀರೆ ಮಡಚುವ ಕೆಲಸಕ್ಕೆ ಸೇರಿದೆ. ಮಗ್ಗದವನ ಜೀವ ಬೆರಳ ತುದಿಯಲ್ಲಿರುತ್ತದೆ. ಎಳೆ ಕಡಿದರೆ ಎರಡು ಬೆರಳಲ್ಲಿ ಹೊಸೆದು ಕೂಡಿಸಬೇಕು. ಕೆಂಪರಾಜನ ಹೆಬ್ಬೆರಳ ಬುಡದ ಮಾಂಸ ಬರಬರುತ್ತಾ ಕರಗಿ ಗುಂಡಿ ಬಿತ್ತು. ಹಿಡಿದ ಎಳೆ ಜಾರತೊಡಗಿತು.

"ಏನ್ ಗುರು, ಮೀನು ಹಿಡಿಯೋ ಕೊಕ್ಕರೆಗೆ ಎಳೆ ಹಿಡಿಯಕ್ಕಾಗ್ತಿಲ್ವಾ?" ಎಂದು ಪಕ್ಕದ ಮಗ್ಗದ ಚಿನ್ನಸ್ವಾಮಿ ಕೂಗುತ್ತಿದ್ದ.

"ನಿನ್ ಸೀರೆ ಅಂಚು ಸೊಟ್ಟಗೋಗ್ತೈತೆ, ಅದ್ನ ನೋಡ್ಕೊಳಲಾ!"

ಕೆಂಪರಾಜ ನಗುತ್ತಲೇ ಹೇಳುತ್ತಿದ್ದ. ಆಮೇಲೆ ಕಡಿದ ಎಳೆ ಕೂಡಿಸಲು ಕಣ್ಸನ್ನೆಯಲ್ಲಿ ನನ್ನನ್ನು ಕರೆಯುತ್ತಿದ್ದ.

ನರಕ್ಕೆ ಬಲ ಸಾಲದು ಎಂದು ಅವನೇ ತೀರ್ಮಾನಿಸಿಕೊಂಡ. ಕಾಲು ಸೂಪು ಕುಡಿದ, ಮೊಟ್ಟೆ ತಿಂದ, ಮೆಡಿಕಲ್ ಶಾಪಿನಿಂದ ನರದ ಮಾತ್ರೆ ತಂದು ಒಂದರ ಬದಲು ಎರಡೆರಡು ನುಂಗಿದ. ಮೊದಲೇ ಇದ್ದ ಪಾದದ ಉರಿ ಇನ್ನೂ ಹೆಚ್ಚಿತು. ಕೊನೆಗೆ ಕಾಲೇಜು ಓದುವ ಮಗಳು ಹರ್ಷಿತ ಹಟ ಹಿಡಿದು ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ದಳು. ಜೊತೆಗೆ ನಾನೂ ಹೋದೆ. ರಕ್ತದ ಫಲಿತಾಂಶ ಬಂದ ದಿನ ಡಾಕ್ಟರಮ್ಮ ಹೇಳಿದರು:

"ನಿಮಗೆ ಯಾವುದೂ ಕಮ್ಮಿಯಾಗಿಲ್ಲ ಕೆಂಪರಾಜ್, ಜಾಸ್ತಿಯಾಗಿದೆ. ನರಕ್ಕೆ ಒಂದು ಹೊದಿಕೆ ಇರುತ್ತೆ. ಅದಕ್ಕೆ ಬೇಕಾದ ಒಂದು ಪ್ರೋಟೀನನ್ನ ನಿಮ್ಮ ಜೀವಕೋಶ ಹೆಚ್ಚಾಗಿ ಮಾಡ್ತಿದೆ. ಹುಟ್ಟಿನಿಂದಲೇ ಹಾಗೆ. ಮಾಡಿದ್ದನ್ನ ಸರಿಯಾಗಿ ಮಡಚಿ ಕೋಶದ ಅಂಚಿಗೆ ಸಾಗಿಸ್ಬೇಕು. ಜಾಸ್ತಿಯಾದ್ದು ಮಡಿಕೆಯಾಗದೆ ದಾರೀಲೇ ಗುಡ್ಡೆ ಬೀಳುತ್ತೆ. ಅದರ ಹಿಂದೆ ಬರೋ ಬೇರೆ ಸಾಮಾನೂ ನಿಂತೋಗುತ್ತೆ. ಹೊದಿಕೆ ಕೆಡುತ್ತೆ."

ಮಡಚುವ ಮಾತು ನನಗೆ ಹಿಡಿಯಿತು. ಹಬ್ಬದ ಮುಂಚೆ ಎಲ್ಲ ಮಗ್ಗವೂ ಓಡುವಾಗ ನನ್ನ ಕೈ ಸಾಗದೆ ಸೀರೆ ಬಾಗಿಲವರೆಗೂ ಬೀಳುತ್ತದೆ. ನೂಲು ತಂದವನಿಗೂ ಒಳಗೆ ಬರಲು ಜಾಗವಿರುವುದಿಲ್ಲ. ಕೆಂಪರಾಜನಿಗೂ ಅದೇ ನೆನಪಾಗಿರಬೇಕು.

"ಹಂಗಾದ್ರೆ ಒಂದ್ ಮಗ್ಗ ನಿಲ್ಲಿಸ್ಬಿಡಿ ಮೇಡಂ."

"ಆ ಸ್ವಿಚ್ಚು ಇನ್ನೂ ಯಾರ ಕೈಗೂ ಸಿಕ್ಕಿಲ್ಲಪ್ಪ. ಹುಡುಕ್ತಾ ಇದ್ದಾರೆ." ಅವರು ನರದ ಮಾತ್ರೆ ನಿಲ್ಲಿಸಿದರು, ಪಾದ ಜೋಲದಂತೆ ಎತ್ತಿ ಹಿಡಿಯುವ ಪಟ್ಟಿ ಬರೆದುಕೊಟ್ಟರು. ಆಮೇಲೆ ಹರ್ಷಿತಳ ಕಡೆ ತಿರುಗಿ, "ಮಕ್ಕಳಿಗೆ ಬರೋದು, ಬರದೇ ಇರೋದು ಅರ್ಧಕ್ಕರ್ಧ. ನಿನಗೆ ಬೇಕು ಅನ್ನಿಸಿದ್ರೆ ರಕ್ತ ಕೊಡು" ಎಂದರು.

ಬಸ್ಸಿನಲ್ಲಿ ಕೆಂಪರಾಜ ಒಂದೇ ಮಾತು ಹೇಳಿದ. "ಕೊಡಬೇಡ."

"ಯಾಕಪ್ಪಾ?"

"ಗೊತ್ತಾದ್ರೆ ಏನ್ ಕಿತ್ತಾಕ್ತಾರಾ? ಗೊತ್ತಿಲ್ದಿದ್ರೆ ನೆಮ್ಮದಿಯಾಗಾದ್ರೂ ಇರ್ತೀಯ."

"ನೆಮ್ಮದಿ ನನ್ಗಾ, ನಿನ್ಗಾ?"



ಅಂದಿನಿಂದ ಅವನ ಕಣ್ಣು ಮಗಳ ಕಾಲು ಬಿಟ್ಟು ಕದಲಲಿಲ್ಲ. ಅವಳು ಮೆಟ್ಟಿಲು ಹತ್ತಿದರೆ ಮಗ್ಗ ನಿಲ್ಲಿಸಿ ಹೊರಗೆ ಬಂದು ನಿಲ್ಲುವನು. ಚಪ್ಪಲಿ ಜಾರಿದರೆ ಅಂಗಡಿಯವನನ್ನು ಬೈಯುವನು. ಹುಡುಗಿ ಅಪ್ಪನ ಎದುರು ನಡೆಯುವುದನ್ನೇ ಬಿಟ್ಟಳು. ಅವನು ಊಟ ಮುಗಿಸಿ ಏಳುವವರೆಗೆ ಕೂತೇ ಇರುತ್ತಿದ್ದಳು.

ಒಂದು ಬೆಳಿಗ್ಗೆ ಮಡಚಲು ಸೀರೆ ಒಯ್ಯಲೆಂದು ಮನೆಯೊಳಗೆ ಹೋದೆ. ಹರ್ಷಿತ ಆಗತಾನೆ ಸ್ನಾನ ಮಾಡಿ ಒಳಕೋಣೆಗೆ ಹೋಗಿದ್ದಳು. ಕೆಂಪು ನೆಲದ ಮೇಲೆ ಒದ್ದೆ ಹೆಜ್ಜೆ ಮೂಡಿತ್ತು. ಮುಂಗಾಲು ಇತ್ತು, ಹಿಮ್ಮಡಿ ಇತ್ತು, ನಡುವೆ ಏನೂ ಇರಲಿಲ್ಲ. ಕೆಂಪರಾಜನ ಪಾದವೂ ಹೀಗೇ, ನಡುವೆ ಕಮಾನಿನ ಹಾಗೆ ಎದ್ದಿದೆ. ಅವನು ಮಂಡಿಯೂರಿ ಟವೆಲಿನಿಂದ ಒಂದೊಂದೇ ಹೆಜ್ಜೆ ಒರೆಸುತ್ತಿದ್ದ. ಬೆರಳಿಗೆ ಹಿಡಿತವಿಲ್ಲದೆ ಟವೆಲನ್ನು ಅಂಗೈಯಿಂದ ಒತ್ತುತ್ತಿದ್ದ.

ಹರ್ಷಿತ ಬಾಗಿಲಲ್ಲಿ ಬಂದು ನಿಂತಳು.

"ಬಿಡಪ್ಪಾ. ನಾನೂ ನೋಡ್ಕೊಂಡಿದೀನಿ."

ಅವನು ಮುಂದಿನ ಹೆಜ್ಜೆಗೆ ಸರಿದ.

"ಸೋಮವಾರ ರಕ್ತ ಕೊಡಕ್ಕೆ ಹೋಗ್ತೀನಿ. ನೀನು ಬರ್ತೀಯಾ, ಈ ಅಜ್ಜಿನ ಕರ್ಕೊಂಡೋಗ್ಲಾ?" ಎಂದು ನನ್ನತ್ತ ಕೈ ತೋರಿದಳು.

ಅವನು ಏಳಲು ನೋಡಿದ. ಪಾದ ಆಸರೆ ಕೊಡಲಿಲ್ಲ. ಮಗಳು ಕೈ ನೀಡಿದಳು. ಅವನು ಆ ಕೈಯನ್ನು ಹಿಡಿಯದೆ, ಒಣಗಿದ ನೆಲವನ್ನೇ ಮತ್ತೆ ಒರೆಸತೊಡಗಿದ.