ಕಂಬಳಿಯ ಮೇಲೆ ಆಡಿದ ಮಾತು

ಮೊನ್ನೆ ಕೊಟ್ಟೂರಿನ ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ, ಜಿಟಿಜಿಟಿ ಮಳೆಯಲ್ಲಿ ನಡೆದು ಬಂದ ಕುರಿಗಾರನೊಬ್ಬ ನನ್ನ ಪಕ್ಕದಲ್ಲೇ ಕಂಬಳಿ ಕೊಡವಿದ. ಒದ್ದೆ ಉಣ್ಣೆಯ ವಾಸನೆ, ಅದರ ಜೊತೆಗೆ ಹುಣಸೆ ಬೀಜದ ಗಂಜಿಯ ಹುಳಿಹುಳಿ ಘಾಟು. ಇಪ್ಪತ್ತು ವರ್ಷಕ್ಕೂ ಮೇಲಾಯಿತು, ಆ ವಾಸನೆ ಬಂದಲ್ಲಿಂದ ಎದ್ದು ಹೋಗುವುದನ್ನೇ ರೂಢಿ ಮಾಡಿಕೊಂಡಿದ್ದೆ. ಅವತ್ತು ಮಳೆ, ಹೋಗಲು ಜಾಗವಿರಲಿಲ್ಲ. ದೊಡ್ಡವ್ವ ನೆನಪಾದಳು…

ತೊಂಬತ್ತರ ದಶಕದ ಕೊನೆಯ ಮಾತು. ಊರೂರಿನ ಕಸುಬುದಾರರ ಗುಂಪುಗಳಿಗೆ ವ್ಯಾಪಾರದ ಸಲಹೆ ಕೊಡುವ ಸಂಸ್ಥೆಯೊಂದರಲ್ಲಿ ನನಗೆ ಕೆಲಸ. ಇಪ್ಪತ್ತಾರರ ವಯಸ್ಸು, ಬಗಲಲ್ಲೊಂದು ಚೀಲ, ಚೀಲದ ತುಂಬ ಬಣ್ಣದ ಚಾರ್ಟುಗಳು, ತಲೆಯ ತುಂಬ ನಾನೇ. ಕೂಡ್ಲಿಗಿಯಲ್ಲಿ ಒಂಟಿ ಕೋಣೆ ಹಿಡಿದಿದ್ದೆ. ಅಲ್ಲಿಂದ ಒಳದಾರಿಯಲ್ಲಿದ್ದ ಹಳ್ಳಿಯೊಂದರಲ್ಲಿ ಹತ್ತು ಮನೆಯವರು ಸೇರಿ ಕಂಬಳಿ ನೇಯುತ್ತಿದ್ದರು. ಗುಂಪಿನ ಹಿರಿಯಳನ್ನು ಊರೇ ದೊಡ್ಡವ್ವ ಎನ್ನುತ್ತಿತ್ತು, ನಾನೂ ಹಾಗೇ ಕರೆದೆ.

ಮೊದಲ ದಿನ ನನಗೆ ಶಾಲೆಯಿಂದ ಕುರ್ಚಿ ತರಿಸಿದ್ದರು. ಒಂದು ತಾಸು ಚಾರ್ಟು ತೋರಿಸಿ ಮಾತಾಡಿದೆ. ಎಲ್ಲರೂ ತಲೆಯಾಡಿಸಿದರು. ಭಲೇ, ಏನು ಚೆನ್ನಾಗಿ ಹೇಳಿದೆ ಎಂದು ಒಳಗೊಳಗೇ ಬೀಗಿದೆ. ಹೊರಡುವಾಗ ದೊಡ್ಡವ್ವ ಬೈಕಿನ ತನಕ ಬಂದಳು.

“ನೀವು ಕುರ್ಚಿ ಮ್ಯಾಲ ಕುಂತು ಹೇಳಿದ್ರ ನಮ್ಮ ಮಂದಿ ಹ್ಞೂಂ ಅಂತಾರ್ರಿ. ಕೆಳಗ ಕುಂದರ್ರಿ, ಊಹ್ಞೂಂ ಅನ್ನಾಕೂ ಅವರಿಗೆ ಧೈರ್ಯ ಬರ್ತೈತಿ.”

ಮುಂದಿನ ವಾರ ಹೋದಾಗ ಮಗ್ಗದ ಮುಂದೆ ಕರಿ ಕಂಬಳಿ ಹಾಸಿತ್ತು. ಚಪ್ಪಲಿ ಬಿಟ್ಟು ಕೂತೆ. ಚಾರ್ಟು ಚೀಲದಲ್ಲೇ ಉಳಿಯಿತು. ಕ್ರಮೇಣ ಅವರು ಜಗಳ ಮಾಡುವಷ್ಟು ಹತ್ತಿರವಾದರು, ನನ್ನ ಲೆಕ್ಕಾಚಾರ ತಪ್ಪಿದರೆ ಮುಖದ ಮೇಲೇ ನಕ್ಕರು. ಹೋದ ಕೂಡಲೇ ದೊಡ್ಡವ್ವನ ಮೊದಲ ಮಾತು “ಉಂಡ್ರಿ?” ಎಂದೇ. ಉಂಡಿದ್ದೇನೆ ಎಂದರೂ ರೊಟ್ಟಿ ಬರುತ್ತಿತ್ತು. ಕೂಡ್ಲಿಗಿಯ ಕೋಣೆಯಲ್ಲಿ ನಾನು ಉಂಡೆನೋ ಬಿಟ್ಟೆನೋ ಕೇಳುವವರಿರಲಿಲ್ಲ. ನಿಜ ಹೇಳಬೇಕೆಂದರೆ, ಸಲಹೆಗಿಂತ ಆ ಒಂದು ಮಾತಿಗಾಗಿಯೇ ನಾನು ವಾರವಾರ ಹೋಗುತ್ತಿದ್ದೆ.

ಒಂದು ವರ್ಷ ಕಳೆದ ಮೇಲೆ ನನಗೆ ದೊಡ್ಡ ಯೋಚನೆ ಹೊಳೆಯಿತು. ಪಟ್ಟಣದವರಿಗೆ ಮೆತ್ತನೆಯದು ಬೇಕು, ಗಂಜಿ ಹಾಕದೆ ನೇಯಿರಿ ಎಂದೆ. ನೇಕಾರರು ಒಪ್ಪಲಿಲ್ಲ. ಗಂಜಿ ಕುಡಿದ ಕಂಬಳಿ ಮಾತ್ರ ಮಳೆ ತಡೆಯುತ್ತದೆ, ಗಂಜಿ ಇಲ್ಲದ್ದನ್ನು ಯಾವ ಕುರಿಗಾರನೂ ಮುಟ್ಟುವುದಿಲ್ಲ ಎಂದರು. ನಾನು ಹಟ ಬಿಡಲಿಲ್ಲ. ಕೊನೆಗೆ ದೊಡ್ಡವ್ವ ಕೇಳಿದಳು, “ಮಾಲು ಹೋಗಲಿಲ್ಲಂದ್ರ?”

“ಹೋಗಲಿಲ್ಲ ಅಂದ್ರೆ ನಾನೇ ಬಂದು ಹೇಳ್ತೀನಿ. ಆಮೇಲೆ ನಿಮ್ಮ ಹಳೇ ಪದ್ಧತಿಯಲ್ಲೇ ನೇಯಿರಿ.”

ಆಕೆ ಹಾಸಿದ ಕಂಬಳಿಯ ಮೇಲೆ ಅಂಗೈ ಊರಿ “ಆತು” ಎಂದಳು. ಉಳಿದವರೂ ಊರಿದರು. ಅವರಲ್ಲಿ ಮಾತು ಕಟ್ಟುವುದು ಹಾಗೆ. ನಾನು ಕೈ ಊರಿದೆನೋ ಇಲ್ಲವೋ, ಈಗ ನೆನಪಿಲ್ಲ…

ಪಟ್ಟಣದ ಪ್ರದರ್ಶನದಲ್ಲಿ ಒಂದೇ ಒಂದು ಕಂಬಳಿಯೂ ಹೋಗಲಿಲ್ಲ. ಮುಟ್ಟಿದವರೆಲ್ಲ ಚುಚ್ಚುತ್ತದೆ ಎಂದು ಕೈ ಹಿಂದೆಗೆದರು. ಆ ಹತ್ತು ಮನೆಯವರ ಮುಂದೆ ಹೇಗೆ ಕೂರುವುದು? ನಾಚಿಕೆಯಿಂದ ಸತ್ತೇ ಹೋದೆ. ಗಂಟು ಕಟ್ಟಿ ಬಸ್ಸಿನ ಮೇಲೆ ಹಾಕಿ ಕಳಿಸಿಬಿಟ್ಟೆ. ಗಂಟು ವಾಪಸು ಬಂದರೆ ಅವರಿಗೇ ತಿಳಿಯುತ್ತದೆ, ನಾನು ಬೇರೆ ಹೋಗಿ ಹೇಳುವುದೇನು ಎಂದು ಸಮಾಧಾನ ಮಾಡಿಕೊಂಡೆ. ಸಂಸ್ಥೆಯವರಿಗೆ ದುಂಬಾಲು ಬಿದ್ದು ಹಡಗಲಿ ಕಡೆಯ ಹಳ್ಳಿಗಳನ್ನು ಕೇಳಿ ಪಡೆದೆ. ಹೇಡಿ ಎಂದರೆ ಹೇಡಿ.

ಮಳೆಗಾಲ ಹಿಡಿದ ಮೇಲೆ, ಹರಪನಹಳ್ಳಿಯ ಸಂತೆಯಲ್ಲಿ ಆ ಗುಂಪಿನ ನೇಕಾರನೊಬ್ಬ ಸಿಕ್ಕ. ಹಮಾಲಿ ಮಾಡುತ್ತಿದ್ದ, ಹೆಗಲ ಮೇಲೆ ಮೆಕ್ಕೆಜೋಳದ ಚೀಲ. ಮಗ್ಗ ಏನಾಯಿತು ಎಂದೆ.

“ನಿಂತಾವ್ರಿ. ನೀವು ಬಂದು ಹೇಳ್ತೀನಿ ಅಂದಿದ್ರಲ್ಲ? ಕಂಬಳಿ ಮ್ಯಾಲ ಕುಂತು ಕಟ್ಟಿದ ಮಾತು, ಕಂಬಳಿ ಮ್ಯಾಲ ಕುಂತೇ ಬಿಡಿಸ್ಬೇಕು. ಅಲ್ಲೀತನ ಗಂಜಿ ಕಾಸಂಗಿಲ್ಲ. ಅವ್ರು ಬರ್ತಾರ, ತಡೀರಿ ಅಂದ್ಲು ದೊಡ್ಡವ್ವ.”

ಕುರಿಗಾರರು ಕಂಬಳಿ ಕೊಳ್ಳುವುದು ಮಳೆಗೆ ಮುಂಚೆ. ಅವರು ಬಂದು ನೋಡಿ, ಬೇರೆ ಊರಿನ ಮಗ್ಗಗಳಿಗೆ ಹೋಗಿಬಿಟ್ಟಿದ್ದರು. ತಿಂಗಳುಗಟ್ಟಲೆ ಕಾದ ಹತ್ತು ಮನೆಯವರು ಒಬ್ಬೊಬ್ಬರಾಗಿ ಕೂಲಿಗೆ ಚದುರಿದ್ದರು. ನನ್ನ ಸಲಹೆ ಕೆಡಿಸಿದ್ದು ಒಂದು ಗಂಟನ್ನು. ನಾನು ಹೋಗದೆ ಇದ್ದದ್ದು ಮಗ್ಗಗಳನ್ನೇ ನಿಲ್ಲಿಸಿತು.

ಮರುದಿನವೇ ಹೋದೆ. ದೊಡ್ಡವ್ವ ಒಬ್ಬಳೇ ಕೂತು ಉಣ್ಣೆ ನೂಲುತ್ತಿದ್ದಳು. ನನ್ನನ್ನು ಕಂಡು ಎದ್ದು, ಎಂದಿನಂತೆ ಕಂಬಳಿ ಹಾಸಿದಳು. ಕೂತೆ. “ಹೋಗಲಿಲ್ಲ ದೊಡ್ಡವ್ವ” ಎಂದೆ.

“ಅದು ಗಂಟು ಬಂದ ದಿನಾನ ಗೊತ್ತಾತು. ಹೋಗದಿದ್ರ ಏನಾತ್ರಿ, ಬಿಚ್ಚಿ ಮತ್ತ ನೇಯ್ತಿದ್ವಿ.” ಮತ್ತೆ ಕದಿರು ಕೈಗೆತ್ತಿಕೊಂಡಳು. “ನೀವು ಬಂದೇ ಬರ್ತೀರಂತ ನಾನು ಹತ್ತು ಮನಿಗೆ ಹೇಳಿದ್ದೆ.”

ಬೈಯಲಿಲ್ಲ. ಬೈದಿದ್ದರೆ ಕ್ಷಮೆ ಕೇಳಲು ಒಂದು ದಾರಿಯಾದರೂ ಸಿಗುತ್ತಿತ್ತು. ನಾನು ಎದ್ದ ಮೇಲೆ ಕಂಬಳಿ ಕೊಡವಿ ಮಡಚಿದಳು. ಅವತ್ತು ಆಕೆ “ಉಂಡ್ರಿ?” ಎಂದು ಕೇಳಲಿಲ್ಲ.

ಮಗ್ಗಗಳು ಮತ್ತೆ ನಡೆಯಲಿಲ್ಲ. ಕೆಲವು ವರ್ಷಗಳ ಮೇಲೆ ಆಕೆ ತೀರಿಹೋದ ಸುದ್ದಿ ನನಗೆ ತಲುಪಿತು, ಅದೂ ಎಷ್ಟೋ ತಿಂಗಳು ತಡವಾಗಿ. ಆಮೇಲೆ ಹತ್ತಾರು ಗುಂಪುಗಳ ಜೊತೆ ಕೆಲಸ ಮಾಡಿದೆ. ಹುಡುಗರಿಗೆ ತರಬೇತಿಯನ್ನೂ ಕೊಟ್ಟೆ, ನಂಬಿಕೆ ಗಳಿಸುವುದು ಹೇಗೆ ಎಂದು. ಈ ಕತೆ ಮಾತ್ರ ಯಾರಿಗೂ ಹೇಳಲಿಲ್ಲ.

ಮೊನ್ನೆ ಆ ಕುರಿಗಾರ ಒದ್ದೆಯಾಗಿದ್ದ ಕಲ್ಲುಬೆಂಚಿನ ಮೇಲೆ ತನ್ನ ಕಂಬಳಿ ಹಾಸಿ, ಅರ್ಧ ಜಾಗ ಬಿಟ್ಟು ಕೂತ. “ಬರ್ರಿ ಯಜಮಾನ್ರ, ಕುಂದರ್ರಿ” ಎಂದ.

“ಬ್ಯಾಡಪ್ಪ, ಬಸ್ ಬಂದೇಬಿಡ್ತೈತಿ” ಎಂದೆ.

ಹಗರಿಬೊಮ್ಮನಹಳ್ಳಿಯ ಬಸ್ಸಿಗೆ ಇನ್ನೂ ಮುಕ್ಕಾಲು ತಾಸಿತ್ತು. ಅಷ್ಟು ಹೊತ್ತೂ ನಿಂತೇ ಇದ್ದೆ.